ಬಾಗಿಲಿಗೆ ಠಾಣಾ ಕುಶನೂರ

ಕೆನೆ ಕಟ್ಟಿದೆ, ಹಳದಿ ಬಣ್ಣದ ಮೇಲೆ ಹಾಲಿಗೆ ಕಟ್ಟುವಂಥದೇ ಕೆನೆ, ಕಡ್ಡಿ ಹಾಕಿ ಎತ್ತಿದರೆ ಇಡಿಯಾಗಿ ಎದ್ದು ಬರುತ್ತದೆ, ಕೆಳಗೆ ಬಣ್ಣ ಇನ್ನೂ ಜೀವ ಹಿಡಿದಿದೆ, ಒಂಬತ್ತು ವರ್ಷದ ಹಿಂದೆ ನಿವೃತ್ತಿಯ ದಿನ ಬಸ್ ಡಿಪೋದಿಂದ ಹಾರದ ಜೊತೆ ತಂದ ಡಬ್ಬಿ, ತಂದೆ ಅಂದರೆ ಚೀಲಕ್ಕೆ ಹಾಕಿಕೊಂಡು ಬಂದೆ, ಯಾರೂ ಕೇಳಲಿಲ್ಲ, ಬೋರ್ಡು ಬರೆಯುವ ಪೇಂಟರನ ಹುದ್ದೆಯೇ ನನ್ನ ಜೊತೆ ಮುಗಿದಿತ್ತು, ಇನ್ನು ಹಳದಿ ಯಾರಿಗೆ ಬೇಕು — ವಾಸನೆ ಮೂಗಿಗೆ ಬಡಿದ ಕೂಡಲೇ ಕೈ ತನ್ನ ವಯಸ್ಸು ಮರೆತೀತು ಅಂದುಕೊಂಡಿದ್ದೆ, ಮರೆಯಲಿಲ್ಲ, ಕೈಯೂ ನನ್ನಷ್ಟೇ ಮೊಂಡು, ಬ್ರಷ್ಷಿನ ತುದಿ ನಡುಗುತ್ತದೆ, ಎಡಗೈಯಲ್ಲಿ ಕೋಲು ಅಡ್ಡ ಹಿಡಿದು ಅದರ ಮೇಲೆ ಬಲಗೈ ಮಣಿಕಟ್ಟು ಊರಿದರೆ ಅರ್ಧ ನಡುಕ ನಿಲ್ಲುತ್ತದೆ, ಉಳಿದರ್ಧ ಕೋಲಿಗೇ ಹತ್ತುತ್ತದೆ. ಪಡಸಾಲೆಯಿಂದ ಸರ್ ಸರ್ ಸಪ್ಪಳ ಬರುತ್ತಿದೆ, ಶೇವಂತಾಬಾಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಾಳೆ, ಆ ಸಪ್ಪಳ ಬರುವವರೆಗೆ ನನ್ನ ಹೆಂಡತಿ ಮನೆಯಲ್ಲಿದ್ದಾಳೆ, ನಿಂತರೆ ನಾನು ಏಳಬೇಕು, ನಾಲ್ಕು ದಿನದಿಂದ ಅದೇ ಒಂದು ಸೇರು ಬೇಳೆ, ಅವಳು ಕಲ್ಲು ಆರಿಸಿ ಬೇರೆ ಇಟ್ಟ ಮೇಲೆ ನಾನೇ ಅಡುಗೆಮನೆಗೆ ಒಯ್ದು ಆ ಕಲ್ಲುಗಳನ್ನು ಮತ್ತೆ ಬೇಳೆಯಲ್ಲಿ ಕಲಸಿ ತಂದು ಮುಂದಿಡುತ್ತೇನೆ, ಎಷ್ಟ ಕಲ್ಲ ಇರ್ತಾವ್ರಿ ಈ ಬ್ಯಾಳ್ಯಾಗ, ಎಲ್ಲಿಂದ ತರ್ತೀರಿ ಅನ್ನುತ್ತಾಳೆ, ಗಾಂಧಿ ಗಂಜದಿಂದ ಅನ್ನುತ್ತೇನೆ, ಪಾಪ, ಬೀದರದ ಆ ಪೇಟೆಯ ಮಂದಿಯ ಹೆಸರು ಕೆಡಿಸುತ್ತಿದ್ದೇನೆ. ಕಿಟಕಿಯ ಕಟ್ಟೆಯ ಮೇಲೆ ಹೊಸ ಹಿತ್ತಾಳೆ ಕೀಲಿ ಇದೆ, ಗೇಟಿಗೆ ಜಡಿಯುವ ಬೀಗ, ಪೊಟ್ಟಣ ಇನ್ನೂ ಬಿಚ್ಚಿಲ್ಲ, ಮಗಳು ಮಹಾಮಾಯಾ ಮುಂಜಾನೆ ಭಾಲ್ಕಿಯ ಕಾಲೇಜಿಗೆ ಕಲಿಸಲು ಹೋಗುವ ಮುಂಚೆ ಇಟ್ಟು ಹೋಗಿದ್ದು, ಅಪ್ಪಾ, ಕ್ಲಾಸಿನಾಗ ಕೈಯಾಗ ಫೋನ್ ಹಿಡ್ಕೊಂಡು ಎಷ್ಟ ದಿನಾ ನಿಂದರ್ಲಿ ನಾ, ನಿನ್ನಿ ರೋಡಿನಾಗ ಅವ್ವನ ಮ್ಯಾಲ ಲಾರಿ ಹಾದಿಲ್ಲ ಅಂತ ಇವತ್ತೂ ಹಾಯಂಗಿಲ್ಲೇನು, ಗೇಟಿಗಿ ಕೀಲಿ ಹಾಕ್ರಿ — ಇವತ್ತೊಂದ ದಿನಾ ಬಿಡವ್ವಾ, ಸಂಜಿ ತನಕ, ಬೋರ್ಡ ಹಾಕಿ ನೋಡ್ತೇನಿ ಅಂದೆ, ಬೋರ್ಡಿಂದ ಏನಾಗ್ತದ್ರಿ ಅಪ್ಪಾ ಅಂದಳು, ಸಿಟ್ಟಿನಿಂದಲ್ಲ, ದಣಿದು ಅಂದಳು, ಅವಳ ದನಿಯೂ ಈಗ ನನ್ನ ದನಿಯ ಹಾಗೆ ಆಗುತ್ತಿದೆ. ಸಂಜೆ ಐದೂವರೆಗೆ ಅವಳ ಬಸ್ಸು, ಆ ಹೊತ್ತಿಗೆ ಬೋರ್ಡು ಅಥವಾ ಕೀಲಿ, ಎರಡರಲ್ಲಿ ಒಂದು ಗೇಟಿಗೆ ಬೀಳಬೇಕು.

ಕೀಲಿ ಹಾಕುವುದು ಸುಲಭ, ಗೊತ್ತು, ಆದರೆ ಶೇವಂತಾ ಒಳಗಿನಿಂದ ಗೇಟಿನ ಸರಳು ಹಿಡಿದು ನಿಲ್ಲುವುದನ್ನು ನಾನು ಕೂತು ನೋಡಬೇಕಲ್ಲ, ಅದು ನನ್ನಿಂದ ಆಗದು, ನಿನ್ನೆ ನೋಡಿದ್ದೇ ಸಾಕಾಗಿದೆ — ನಾನು ಬಚ್ಚಲಲ್ಲಿದ್ದೆ, ಪಕ್ಕದ ಮನೆಯ ಮರಿಯಮಬೀ ಗೋಡೆಯಾಚೆಯಿಂದ ಕೂಗಿದಳು, ಗೋರಖನಾಥ ಭಾಯ್, ಜಲ್ದಿ ಬರ್ರಿ, ಭಾಬೀ ಫಿರ್ ರೋಡಿಗಿ ಹೋಗ್ಯಾರ, ತಲೆಯ ಮೇಲಿನ ಸಾಬೂನು ಹಾಗೇ ಒರೆಸಿಕೊಂಡು ಓಡಿದೆ, ಓಡಿದೆ ಅನ್ನುವುದು ಮಾತಿಗೆ, ಈ ಮೊಣಕಾಲಲ್ಲಿ ಓಡುವುದು ಏನು ಬಂತು, ಓಣಿಯ ತುದಿಗೆ ಔರಾದ ರಸ್ತೆ, ಅದರ ಅಂಚಿನಲ್ಲಿ ಅವಳು ಕೈ ಎತ್ತಿ ನಿಂತಿದ್ದಳು, ಎಡಗೈಯಲ್ಲಿ ಬಟ್ಟೆಯ ಚೀಲ, ಬಲಗೈ ಮೇಲೆ, ಹಸಿರು ಬಳೆಗಳು ಮಣಿಕಟ್ಟಿನಿಂದ ಜಾರಿ ಮೊಣಕೈಗೆ ಬಂದು ಕೂತಿದ್ದವು, ಅಷ್ಟು ಸೊರಗಿದೆ ಆ ಕೈ, ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು, ಈಗಿನ ಬಸ್ಸಿಗೆ ಬೋರ್ಡೆಲ್ಲಿದೆ, ಗಾಜಿನ ಮೇಲೆ ಕೆಂಪು ದೀಪದ ಅಕ್ಷರಗಳು ಬಲದಿಂದ ಹುಟ್ಟಿ ಎಡಕ್ಕೆ ಓಡಿ ಸಾಯುತ್ತವೆ, ನಿಂತ ಅಕ್ಷರ ಓದುವವಳು ಓಡುವ ಅಕ್ಷರವನ್ನು ಹೇಗೆ ಹಿಡಿಯಬೇಕು, ಕೈ ಎತ್ತಿಯೇ ಇದ್ದಳು, ಯಾವುದಕ್ಕೂ ಹತ್ತಲಿಲ್ಲ, ಎಲ್ಲಿಗಿ ಹೊಂಟಿ ಅಂದೆ, ಊರಿಗ್ರಿ, ಅವ್ವಗ ಆರಾಮಿಲ್ಲಂತ ಹೇಳಿ ಕಳಿಸ್ಯಾರ ಅಂದಳು, ನನಗೇ ಹೇಳಿದಳು, ಯಾರೋ ದಾರಿಹೋಕನಿಗೆ ಹೇಳುವಂತೆ. ಅವಳ ಅವ್ವ ಸತ್ತು ಮೂವತ್ತೊಂದು ವರ್ಷವಾಯಿತು. ಕೈ ಹಿಡಿದು ಕರೆತಂದರೆ ಗೇಟಿನ ಮುಂದೆ ನಿಂತುಬಿಟ್ಟಳು, ಒಳಗೆ ಕಾಲಿಡಲು ಒಲ್ಲೆ ಅಂದಳು, ಇದು ಯಾವೂರ್ರಿ, ಇದಕ್ಕ ಬೋರ್ಡ ಇಲ್ಲಲ್ರಿ ಅಂದಳು. ಬೋರ್ಡಿದೆ, ಗೇಟಿನ ಕಂಬದ ಮೇಲೆ ಕರಿಕಲ್ಲಿನ ಬೋರ್ಡು, ಹಳೆಯ ಮನೆ ಕೆಡವಿ ಇಲ್ಲೇ ಹೊಸದು ಕಟ್ಟಿದಾಗ ಗೃಹಪ್ರವೇಶಕ್ಕೆ ಮಹಾಮಾಯಾ ಮಶೀನಿನಲ್ಲಿ ಕೊರೆಸಿ ತಂದಿದ್ದು, ಗೋರಖನಾಥ ಅಂತ ಇದೆ, ಊರಿಗೆಲ್ಲ ಬೋರ್ಡು ಬರೆದವನ ಮನೆಗೆ ಮಶೀನಿನ ಅಕ್ಷರ, ಆಗ ನಕ್ಕಿದ್ದೆ, ಆದರೆ ಆ ಹೆಸರು ಅವಳಿಗೆ ಓದಲು ಬಾರದು, ಸಾಲಿಗೆ ಹೋದವಳಲ್ಲ, ಅವಳು ಕಲಿತಿದ್ದೆಲ್ಲ ನಾನು ಬರೆದ ಬಸ್ಸಿನ ಬೋರ್ಡಿನಿಂದ, ಬೀದರ, ಭಾಲ್ಕಿ, ಔರಾದ, ಠಾಣಾ ಕುಶನೂರ, ನಾಲ್ಕೇ ನಾಲ್ಕು, ಓಣಿಯ ಹೆಂಗಸರೆಲ್ಲ ಸಂಜೆಯ ಅಕ್ಷರ ಕ್ಲಾಸಿಗೆ ಹೋದಾಗ ಇವಳು ಹೋಗಲಿಲ್ಲ, ಬಸ್ ತಿಳದ್ರ ಸಾಕ್ರಿ, ಪುಸ್ತಕ ಓದಿ ನಾ ಎಲ್ಲಿ ಹೋಗೂದದ ಅಂದಿದ್ದಳು. ಗೋರಖನಾಥ ಅನ್ನುವ ಊರಿಗೆ ಯಾವ ಬಸ್ಸೂ ಹೋಗುವುದಿಲ್ಲ.

ಹಲಗೆಗೆ ಮತ್ತೊಮ್ಮೆ ಸುಣ್ಣದ ದಾರ ಹಿಡಿದು ಮೀಟಬೇಕು, ಒಬ್ಬನೇ ಮೀಟುವುದು ಕಷ್ಟ, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಇನ್ನೊಂದು ತುದಿ ಹಲ್ಲಿನಲ್ಲಿ ಕಚ್ಚಿ, ಟಪ್, ಕರಿ ಬಣ್ಣದ ಮೇಲೆ ಬಿಳಿ ಗೆರೆ, ಚಲೋ ಬಿತ್ತು, ಈ ಹಲಗೆ ಗೌಸೋದ್ದೀನ ಕೊಟ್ಟಿದ್ದು, ಡಿಪೋದ ಬಡಿಗ ಗೌಸೋದ್ದೀನ, ಸಾಗವಾನಿ ಹಲಗೆ ಸುಡಲು ಮನಸ್ಸಾಗದೆ ಹಳೆಯ ಬೋರ್ಡುಗಳನ್ನೆಲ್ಲ ಮನೆಯ ತಗಡಿನ ಕೆಳಗೆ ಒಟ್ಟಿಕೊಂಡಿದ್ದಾನೆ, ನಿನ್ನೆ ಸಂಜೆ ಹೋಗಿ ಕೇಳಿದರೆ ಒಂದೊಂದೇ ಎಳೆದು ಧೂಳು ಕೊಡವಿ ಕೊನೆಗೆ ಇದನ್ನು ತೆಗೆದ, ಇದು ತಗೋರಿ ಪೇಂಟರ್ ಸಾಬ್, ನಿಮ್ಮದೇ ಕೈ, ಎರಡ ಬಾಜೂನೂ ಅದ ನೋಡ್ರಿ ಅಂದ, ತಿರುಗಿಸಿ ನೋಡಿದೆ, ಒಂದು ಮಗ್ಗುಲಿಗೆ ಠಾಣಾ ಕುಶನೂರ, ಇನ್ನೊಂದಕ್ಕೆ ಭಾಲ್ಕಿ. ಗೌಸೋದ್ದೀನನಿಗೆ ಏನೂ ನೆನಪಿಲ್ಲ, ನನಗೆ ಎಲ್ಲ ನೆನಪಿದೆ, ಅದೇ ಹಲಗೆಯೋ ಅದರ ಜೊತೆಯದೋ, ಅಂಥವು ಎರಡು ಮಾಡಿದ್ದೆ, ಒಂದೇ ಹಲಗೆಗೆ ಎರಡು ಊರು, ಮುಂಜಾನೆ ಒಂದು ಬಸ್ಸು ಠಾಣಾ ಕುಶನೂರಕ್ಕೆ ಹೋಗಿ ಬಂದು ಹನ್ನೊಂದಕ್ಕೆ ಭಾಲ್ಕಿಗೆ ಹೋಗುತ್ತಿತ್ತು, ಹೋಗಿ ಬಂದ ಮೇಲೆ ಬೋರ್ಡು ಹೊಳ್ಳಿಸಿ, ಹಿಂದಿನದು ಮುಂದಕ್ಕೆ ತಿರುಗಿಸಿ ಹಾಕಿದರಾಯಿತು, ಹಲಗೆ ಉಳಿಯುತ್ತದೆ, ಬಣ್ಣ ಉಳಿಯುತ್ತದೆ, ನನ್ನದೇ ತಲೆ ಅದು, ಗೋರಖನಾಥಂದು ತಲಿ ನೋಡ್ರಿ ಅಂತ ಡಿಪೋದಲ್ಲಿ ಎಲ್ಲರೂ ಬೆನ್ನು ಚಪ್ಪರಿಸಿದರು, ಎರಡು ದಿನ ಎದೆ ಉಬ್ಬಿಸಿ ಓಡಾಡಿದೆ, ಎಂಥಾ ತಲೆ. ಮಹಾಮಾಯಾ ಆಗ ಎರಡನೆಯ ಇಯತ್ತೆ ಕಲಿಯುತ್ತಿದ್ದಳು, ಅವ್ವನಿಗೆ ಆರಾಮಿಲ್ಲ, ನಿನ್ನ ಹೆಸರೇ ಹೇಳುತ್ತಿದ್ದಾಳೆ ಅಂತ ಠಾಣಾ ಕುಶನೂರದಿಂದ ಆಳು ಬಂದು ಶೇವಂತಾಗೆ ಹೇಳಿ ಹೋದ, ನಾನು ಡಿಪೋದಲ್ಲಿದ್ದೆ, ಅವಳು ಮಗಳನ್ನು ಮರಿಯಮಬೀಯ ಮನೆಯಲ್ಲಿ ಬಿಟ್ಟು ಒಬ್ಬಳೇ ಸ್ಟ್ಯಾಂಡಿಗೆ ಹೋದಳು, ಬೋರ್ಡು ನೋಡಿದಳು, ಹತ್ತಿದಳು, ಯಾರನ್ನೂ ಕೇಳಲಿಲ್ಲ, ಅವಳು ಯಾವತ್ತೂ ಕೇಳುತ್ತಿರಲಿಲ್ಲ, ನೀವ ಬರದದ್ದದಲ್ರಿ, ಮತ್ತ ಯಾರಿಗಿ ಯಾಕ ಕೇಳ್ಲಿ ಅನ್ನುತ್ತಿದ್ದಳು, ಬಸ್ಸು ತುಂಬಿತ್ತು, ಕಂಡಕ್ಟರ್ ಹಣಮಂತಪ್ಪನಿಗೆ ಊರಿನ ಹೆಸರು ಕೂಗುವ ಅಗತ್ಯ ಬೀಳಲಿಲ್ಲ, ಇವಳು ಪಾಸು ತೋರಿಸಿದಳು, ಪೇಂಟರನ ಹೆಂಡತಿ ಅಂತ ಅವನು ಮರ್ಯಾದೆಯಿಂದ ತಲೆಯಾಡಿಸಿ ಮುಂದೆ ಹೋದ, ಟಿಕೆಟು ಕೊಳ್ಳುವವರಾಗಿದ್ದರೆ ಎಲ್ಲಿಗೆ ಅಂತ ಕೇಳುತ್ತಿದ್ದ, ಡಿಪೋದವರ ಮನೆಮಂದಿಗೆ ಪಾಸು, ಪಾಸಿಗೆ ಪ್ರಶ್ನೆ ಇಲ್ಲ, ಅವನು ಬೋರ್ಡು ಹೊಳ್ಳಿಸಿರಲಿಲ್ಲ, ಬಸ್ಸು ಹೋಗಿ ಭಾಲ್ಕಿಯಲ್ಲಿ ನಿಂತಿತು. ಭಾಲ್ಕಿಯಿಂದ ಠಾಣಾ ಕುಶನೂರಕ್ಕೆ ನಾಲ್ಕು ಗಂಟೆಯವರೆಗೆ ಬಸ್ಸಿರಲಿಲ್ಲ, ಇವಳು ಊರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಮಂದಿ ತಿರುಗಿ ಬರುತ್ತಿದ್ದರು, ದಾರಿಯಲ್ಲಿಯೇ ಎದುರಾದರು. ಹಣಮಂತಪ್ಪನಿಗೆ ಮೆಮೊ ಕೊಟ್ಟರು.

ಮೂರನೆಯ ದಿನ ಬಂದಳು, ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ, ಬೋರ್ಡ ನಿಮ್ಮದಿತ್ತು ಅಂತ ಹತ್ತಿದ್ನೆರಿ ಅಂದಳು, ಅಷ್ಟೇ, ಹಣಮಂತಪ್ಪಂದ ತಪ್ಪು, ಅವ ಹೊಳ್ಳಿಸ್ಲಿಲ್ಲ ಅಂದೆ ನಾನು, ಎರಡು ಊರು ಒಂದೇ ಹಲಗೆಗೆ ಬರೆದ ತಲೆ ಯಾರದು ಅಂತ ಹೇಳಲಿಲ್ಲ, ನಾಳೆ ಹೇಳೋಣ ಅಂದುಕೊಂಡೆ, ಆ ನಾಳೆ ಮೂವತ್ತೊಂದು ವರ್ಷ ನಡೆಯಿತು, ಇವತ್ತು ಮುಂಜಾನೆ ಚಹಾ ಕೊಡುವಾಗ ಹೇಳಿಬಿಟ್ಟೆ, ಶೇವಂತಾ, ಆ ಹಲಗಿಗಿ ಎರಡೂ ಊರು ಬರ್ಯೋ ವಿಚಾರ ನಂದೇ ಇತ್ತು, ಹಣಮಂತಪ್ಪಂದಲ್ಲ, ಅವಳು ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಾ ಯಾವ ಹಲಗಿರಿ ಅಂದಳು. ಮಾಫಿ ಕೇಳುವುದಕ್ಕೂ ಎದುರಿಗೊಬ್ಬರು ಇರಬೇಕು, ಎದುರಿಗೆ ಇದ್ದವಳು ಎದ್ದು ಹೋದ ಮೇಲೆ ಕೇಳಿದೆ, ನನ್ನಂಥ ಹೇಡಿ ಈ ಓಣಿಯಲ್ಲಿ ಇನ್ನೊಬ್ಬನಿಲ್ಲ. ಆದ್ದರಿಂದ ಈ ಸಲ ಎರಡೂ ಮಗ್ಗುಲಿಗೆ ಒಂದೇ ಊರು, ಗಾಳಿಗೆ ತಿರುಗಲಿ, ಯಾರಾದರೂ ತಿರುಗಿಸಲಿ, ಠಾಣಾ ಕುಶನೂರವೇ ಕಾಣಬೇಕು, ಮುಂದಿನ ಮಗ್ಗುಲಿನ ಹಳೆಯ ಅಕ್ಷರ ಮಾಸಿತ್ತು, ನಿನ್ನೆ ರಾತ್ರಿಯೇ ಪಾಲಿಶ್ ಪೇಪರಿನಿಂದ ಉಜ್ಜಿ ಕರಿ ಬಳಿದಿಟ್ಟೆ, ಹಿಂದಿನ ಭಾಲ್ಕಿ ಹಾಗೇ ಇದೆ, ಮುಂದಿನದು ಒಣಗಿದ ಮೇಲೆ ನಾಳೆ ಅದಕ್ಕೆ ಕೈ ಹಚ್ಚಬೇಕು, ಒಂದು ದಿನಕ್ಕೆ ಈ ಕೈಗೆ ಒಂದು ಮಗ್ಗುಲೇ ಹೆಚ್ಚು.

ನಡುವಿನಿಂದ ಶುರು ಮಾಡುವುದು ನನ್ನ ಪದ್ಧತಿ, ಅಕ್ಷರ ಎಣಿಸಿ, ಹಲಗೆಯ ನಡುವೆ ಗುರುತು ಹಾಕಿ, ಅಲ್ಲಿಂದ ಬಲಕ್ಕೊಂದು ಎಡಕ್ಕೊಂದು, ಆಗ ಎರಡೂ ಅಂಚಿಗೆ ಸರಿಯಾಗಿ ಜಾಗ ಉಳಿಯುತ್ತದೆ, ಮೊದಲಿನಿಂದ ಬರೆಯುತ್ತಾ ಹೋದವರು ಕೊನೆಗೆ ಬಂದು ಅಕ್ಷರಗಳನ್ನು ಜೀಪಿನಲ್ಲಿ ಮಂದಿ ತುಂಬಿದ ಹಾಗೆ ತುಂಬುತ್ತಾರೆ, ಕು ಆಯಿತು, ಣಾ ಆಯಿತು, ಶ ಕೊಂಚ ಸೊಟ್ಟಗಾಯಿತು, ಇರಲಿ, ಅವಳಿಗೆ ಶ ಬೇಕಿಲ್ಲ, ಅವಳು ತನ್ನ ಊರನ್ನು ಗುರುತಿಸುವುದು ಮೊದಲ ಅಕ್ಷರದಿಂದ, ಲಗ್ನವಾದ ಹೊಸತರಲ್ಲಿ ಸ್ಟ್ಯಾಂಡಿಗೆ ಕರೆದೊಯ್ದು ನಾನು ಬರೆದ ಬೋರ್ಡು ತೋರಿಸಿದ್ದೆ, ಇದು ನೋಡು ನಿಮ್ಮೂರು, ಗುಂಡಗಿರುವ ಠ, ನಡುವೆ ಚುಕ್ಕೆ, ರೊಟ್ಟಿ ನಡುವ ಖಾರಾ ಹಿಂಡಿ ಇಟ್ಟಾಂಗ ಅದರಿ ಅಂದು ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು, ಅವತ್ತೇ ಬಸ್ಸು ಹೊರಟಿತ್ತು, ನಾನು ನಿಲ್ಲಿಸುವ ಮುಂಚೆ ಅವಳೇ ಕೈ ಎತ್ತಿದಳು, ಆಗ ಬಳೆ ಜಾರಲಿಲ್ಲ, ಮಣಿಕಟ್ಟಿಗೆ ಬಿಗಿಯಾಗಿದ್ದವು, ಬಸ್ಸು ನಿಂತಿತು, ಅವಳಿಗೆ ಎಷ್ಟು ಹಿಗ್ಗು, ತಾನು ಕೈ ಎತ್ತಿದರೆ ಅಷ್ಟು ದೊಡ್ಡ ಬಸ್ಸು ನಿಲ್ಲುತ್ತದಲ್ಲ ಅಂತ. ನೂ ಆಯಿತು, ರ ಆಯಿತು, ಬೆನ್ನು ಹಿಡಿದುಕೊಂಡಿದೆ, ನನಗೆ ಸಾಕಾಗಿದೆ, ಖರೇ ಹೇಳಬೇಕೆಂದರೆ ಸಾಕಾಗಿದೆ, ಅವಳ ಬೇಳೆ, ಅವಳ ಸ್ನಾನ, ಅವಳ ಅವ್ವ, ದಿನಕ್ಕೆ ಹತ್ತು ಸಲ ಅವ್ವ, ಒಮ್ಮೊಮ್ಮೆ ಕೀಲಿಯನ್ನು ನೋಡಿ ಹಾಕಿಯೇ ಬಿಡೋಣ, ಒಂದು ಗಂಟೆ ಕಾಲು ಚಾಚಿ ಮಲಗೋಣ ಅನಿಸುತ್ತದೆ, ಅನಿಸಿದ ಕೂಡಲೇ ನಾಚಿಕೆಯೂ ಆಗುತ್ತದೆ, ಮಂದಿ ಏನಂದಾರು ಅನ್ನುವುದೂ ಇದೆ, ನಾಳೆಯಿಂದ ಆಟೋದವರು ಗೇಟಿನ ಮುಂದೆ ನಿಂತು ಠಾಣಾ ಕುಶನೂರ ಬಸ್ ಎಷ್ಟಕ್ಕದ್ರಿ ಅಂತ ಕೇಳಿ ನಗುತ್ತಾರೆ, ಮರಿಯಮಬೀ ಮುಂಜಾನೆ ಹಲಗೆ ನೋಡಿ ಹೋದಳು, ಭಾಯ್, ನಲವತ್ತ ಸಾಲ ಆಯ್ತು ಭಾಬೀ ಈ ಮನಿಗಿ ಬಂದು, ಈಗ ಇದಕ್ಕ ತೌರಮನಿ ಹೆಸರ ಹಾಕ್ತೀರೇನು ಅಂದಳು, ಬಂದರ ಸಾಕ್ರಿ ಬೀ, ಯಾವ ಹೆಸರಿಗಿ ಬಂದ್ರೂ ಬರ್ಲಿ ಅಂದೆ, ಬಾಯಿಂದ ಸಲೀಸಾಗಿ ಬಂತು, ಒಳಗೆ ಚುಚ್ಚಿತು, ಈ ಮನೆ ಅವಳಿಗೆ ಯಾವತ್ತಾದರೂ ಊರು ಆಗಿತ್ತೋ ಇಲ್ಲವೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮತ್ತು ಇದೂ ಸುಳ್ಳು ಬೋರ್ಡೇ, ಒಂದು ಸಲ ನನ್ನ ಬೋರ್ಡು ನಂಬಿ ಅವ್ವನ ಮುಖ ಕಾಣದೆ ಹೋದವಳಿಗೆ ಇನ್ನೊಂದು ಸುಳ್ಳು ಬೋರ್ಡು ಬರೆಯುತ್ತಿದ್ದೇನೆ, ಒಳಗೆ ಬಂದು ಅವ್ವ ಎಲ್ಲಿ ಅಂದರೆ ಏನು ಹೇಳುತ್ತೇನೆ, ಮಲಗ್ಯಾಳ ಅನ್ನುತ್ತೇನೆ, ಅಷ್ಟೇ ಇನ್ನೇನು. ಇನ್ನು ಉಳಿದದ್ದು ಕೊನೆಗೆಂದೇ ಬಿಟ್ಟುಕೊಂಡ ಠಾ, ಒಂದೇ ಉಸಿರಿನಲ್ಲಿ ಗುಂಡಗೆ ತಿರುವಬೇಕು, ನಡುವೆ ಬ್ರಷ್ಷು ಎತ್ತಿದರೆ ಗೆರೆ ಕೂಡುವ ಕಡೆ ಗಂಟಾಗುತ್ತದೆ, ಉಸಿರು ಹಿಡಿದು ತಿರುವಿದೆ, ಬಂತು, ನಡುಗದೆ ಬಂತು, ಹಳೆಯ ಕೈ ಒಂದು ಕ್ಷಣ ಎಲ್ಲಿಂದಲೋ ಎದ್ದು ಬಂತು, ತಲೆಕಟ್ಟು, ದೀರ್ಘ, ಇನ್ನು ಚುಕ್ಕೆ ಒಂದು — ಸಪ್ಪಳ ಇಲ್ಲ.

ಸಪ್ಪಳ ಇಲ್ಲ, ಯಾವಾಗಿನಿಂದ ಇಲ್ಲ, ಪಡಸಾಲೆಯಲ್ಲಿ ಮೊರ ಇದೆ, ಬೇಳೆ ಒಂದು ಕಡೆ, ಕಲ್ಲು ಒಂದು ಕಡೆ, ಹಸನಾಗಿ ಬೇರೆ ಮಾಡಿಟ್ಟಿದ್ದಾಳೆ, ಗೂಟದ ಮೇಲಿನ ಚೀಲ ಇಲ್ಲ, ಗೇಟು ತೆರೆದಿದೆ, ಔರಾದ ರಸ್ತೆಯಲ್ಲಿ ಲಾರಿಯ ಹಾರ್ನು, ಉದ್ದಕ್ಕೆ, ನಿಲ್ಲುವುದೇ ಇಲ್ಲ ಆ ಹಾರ್ನು, ಶೇವಂತಾ, ಶೇವಂತಾ ಅಂತ ಕೂಗುತ್ತಿರುವುದು ನಾನೇ, ಚಪ್ಪಲಿ ಒಂದು ಸಿಕ್ಕಿತು, ಇನ್ನೊಂದಿಲ್ಲ, ಅಷ್ಟರಲ್ಲಿ ಓಣಿಯಿಂದ ಮರಿಯಮಬೀಯ ದನಿ, ಘಬ್ರಾವೊ ನಕ್ಕೋ ಭಾಯ್, ಅಂಜಬ್ಯಾಡ್ರಿ, ಕೈ ಹಿಡಕೊಂಡೇನಿ, ಬರ್ಲಾಕತ್ತೇವಿ, ಗೋಡೆ ಹಿಡಿದುಕೊಂಡೆ, ಬರುತ್ತಿದ್ದಾರೆ, ಇನ್ನು ಒಂದು ನಿಮಿಷ, ಬಂದು ಗೇಟಿನ ಮುಂದೆ ನಿಂತು ಮತ್ತೆ ಒಲ್ಲೆ ಅಂದರೆ ಸಂಜೆ ಮಹಾಮಾಯಾ ಕೀಲಿ ಹಾಕುತ್ತಾಳೆ, ಹಾಕದೆ ಏನು ಮಾಡುತ್ತಾಳೆ, ಹಲಗೆ, ಹಲಗೆಯ ಚುಕ್ಕೆ, ಹೋಗಿ ಬ್ರಷ್ಷು ತೆಗೆದುಕೊಂಡು ಕೋಲಿಲ್ಲದೆ ನಡುಗುವ ಕೈಯಿಂದಲೇ ಚುಕ್ಕೆ ಇಟ್ಟೆ, ಕೊಂಚ ದಪ್ಪವಾಯಿತು, ಇರಲಿ, ಹಿಂಡಿ ಹೆಚ್ಚಾಯಿತು ಅಂದುಕೊಳ್ಳಲಿ, ಮೊಳೆ ಹೊಡೆದಿಲ್ಲ, ಕೊಕ್ಕೆ ಹಾಕಿಲ್ಲ, ಹಸಿ ಹಲಗೆಯನ್ನು ಎರಡೂ ಕೈಯಲ್ಲಿ ಅಂಚು ಹಿಡಿದು ಎತ್ತಿಕೊಂಡು ಗೇಟಿಗೆ ಬಂದು ಎದೆಗೆ ಆನಿಸಿ ನಿಂತೆ, ಬೆರಳಿಗೆಲ್ಲ ಹಳದಿ, ಹಿಂದಿನ ಭಾಲ್ಕಿ ಅಂಗಿಗೆ ಒತ್ತುತ್ತಿದೆ. ಬಂದಳು, ಚೀಲ ಮರಿಯಮಬೀಯ ಕೈಯಲ್ಲಿದೆ, ಬಂದು ನಿಂತಳು, ನನ್ನ ಮುಖ ನೋಡಲಿಲ್ಲ, ಹಲಗೆ ನೋಡಿದಳು, ಬೆರಳು ಗಾಳಿಯಲ್ಲಿ ಗುಂಡಗೆ ತಿರುಗಿತು, ನಡುವೆ ಒಂದು ಚುಕ್ಕೆ ಇಟ್ಟಿತು, ಮುಖದ ಮೇಲೆ ಏನೋ ಬಂತು, ಬಹಳ ದಿನದಿಂದ ಬರದಿದ್ದು, ಆಮೇಲೆ ಬಲಗೈ ಎತ್ತಿದಳು, ಬಳೆಗಳು ಜಾರಿದವು, ಮೊಣಕೈವರೆಗೆ, ನಿಂತಿರುವ ಮನೆಯನ್ನು ನಿಲ್ಲಿಸಲು ಕೈ ಎತ್ತಿದಳು, ನಾನು ಕೂಗಿದೆ, ಸ್ಟ್ಯಾಂಡಿನಲ್ಲಿ ಕೂಗುವಂತೆ, ಠಾಣಾ ಕುಶನೂರ, ಠಾಣಾ ಕುಶನೂರ, ಬರ್ರಿ ಬಾಯಿ, ಜಾಗಾ ಅದ ಒಳಗ ಬರ್ರಿ. ಬರಲಿಲ್ಲ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು ನಿಂತಳು, ಈಗ ನನ್ನ ಮುಖ ನೋಡಿದಳು, ಗಂಡನನ್ನು ನೋಡುವ ಹಾಗಲ್ಲ, ಕಂಡಕ್ಟರನನ್ನು ನೋಡುವ ಹಾಗೆ, ಎಂದೂ ಯಾರನ್ನೂ ಕೇಳದವಳು ಮೆಲ್ಲಗೆ ಕೇಳಿದಳು, ಬೋರ್ಡ ಹೊಳ್ಳಿಸೀರೇನ್ರಿ. ಎಲ್ಲ ಮರೆತಿದ್ದಾಳೆ, ನನ್ನ ಹೆಸರು, ಈ ಬಾಗಿಲು, ಹೆತ್ತ ಮಗಳ ಹೆಸರು ಕೂಡ ಒಮ್ಮೊಮ್ಮೆ, ಇದೊಂದನ್ನು ಇಟ್ಟುಕೊಂಡಿದ್ದಾಳೆ, ಮೂವತ್ತೊಂದು ವರ್ಷ ಎಲ್ಲಿಟ್ಟುಕೊಂಡಿದ್ದಳು, ಹೊಳ್ಳಿಸೇನ್ರಿ ಅಂದೆ, ಅಂದೆನೋ ಇಲ್ಲವೋ, ಎದೆಗೆ ಭಾಲ್ಕಿ ಒತ್ತುತ್ತಿದೆ, ಹೊಳ್ಳಿಸೇನಿ ಶೇವಂತಾ ಅಂತ ಇನ್ನೊಮ್ಮೆ ಅಂದೆ, ಅವಳು ಒಳಗೆ ಬರುತ್ತಿಲ್ಲ, ಹಿಂದೆಯೂ ಹೋಗುತ್ತಿಲ್ಲ, ಕೈ ಇಳಿಸುತ್ತಿಲ್ಲ, ಒಂದು ಕಾಲು ಮೆಟ್ಟಿಲ ಮೇಲೆ, ಕೈ ಮೇಲೆ, ಹಸಿರು ಬಳೆ ಮೊಣಕೈಗೆ ಜಾರಿ ಕೂತ ಆ ಕೈ, ಇನ್ನೂ ಮೇಲೆ, ಆ ಕೈ —